1:35 ಗಾಲಿಗಳ ರೆಸಿನ್ ಎರಕ: ಅಂಚಲ್ಲೇ ಗುಳ್ಳೆ ಬರ್ತಿದೆ, ಪ್ರೆಶರ್ ಪಾಟ್ ಬೇಕೇಬೇಕಾ?

ಪುಟ್ಟಗಾಲಿ
ನಮಸ್ಕಾರ ಎಲ್ರಿಗೂ. ಟಿ-34 ಟ್ಯಾಂಕ್ ಮಾಡೆಲ್ಲಿನ ರೋಡ್‌ವೀಲ್ ಎರಕ ಹೊಯ್ಯೋ ಕೆಲಸ ನಡೀತಿದೆ. ಅಸಲಿ ಗಾಲಿ 830 ಮಿ.ಮೀ., 1:35ರಲ್ಲಿ ಸುಮಾರು 23.7 ಮಿ.ಮೀ. ವ್ಯಾಸ. ಮಾಸ್ಟರ್‌ನ (ಅಚ್ಚು ತೆಗೆಯೋ ಮೂಲ ಗಾಲಿ) ದಪ್ಪ 4.5 ಮಿ.ಮೀ. ಬದಿಗೆ 5 ಜೋಡಿ ಲೆಕ್ಕದಲ್ಲಿ ಒಟ್ಟು 20 ಬಿಲ್ಲೆ ಬೇಕು. ಜತೆಗೆ 20 ಲೀಟರಿನ ಜೆರ್ರಿಕ್ಯಾನ್ ನಾಲ್ಕೈದು.

ಅಚ್ಚು: ಟಿನ್ ಕ್ಯೂರ್ ಸಿಲಿಕೋನ್ (ತವರದ ಸಂಯುಕ್ತ ಹಾಕಿ ಗಟ್ಟಿ ಮಾಡೋ ರಬ್ಬರ್), ಎರಡು ಭಾಗದ್ದು. ರೆಸಿನ್: ಬಿಳಿ ಪಾಲಿಯುರೆಥೇನ್, ಎರಡು ದ್ರವ 1:1 ಕಲಸೋದು, ಪಾಟ್ ಲೈಫ್ (ಕಲಸಿದ ಮೇಲೆ ಸುರಿಯಕ್ಕೆ ಸಿಗೋ ಸಮಯ) 3 ನಿಮಿಷ. ವ್ಯಾಕ್ಯೂಮ್ ಇಲ್ಲ, ಪ್ರೆಶರ್ ಇಲ್ಲ, ಬರೀ ಕೈಯಲ್ಲಿ ಸುರಿಯೋದು.

ತೊಂದರೆ ಎರಡು. ಒಂದು, ಐದರಲ್ಲಿ ಮೂರು ಗಾಲಿಗೆ ಬೋಲ್ಟ್ ತಲೆಗಳೇ ಇಲ್ಲ, ರಬ್ಬರ್ ಟೈರಿನ ಅಂಚು ಇಲಿ ಕಡಿದ ಹಾಗಿದೆ. ಎರಡು, ಜೆರ್ರಿಕ್ಯಾನಿನ ಒಂದು ಮಗ್ಗುಲು ಮರುದಿನಕ್ಕೂ ಅಂಟಂಟು. ಎಲ್ಲಿ ಕೇಳಿದ್ರೂ "ಪ್ರೆಶರ್ ಪಾಟ್ ತಗೊಳ್ಳಿ" ಅಂತಾರೆ. ಅಚ್ಚು ಒಳಗಿಟ್ಟು ಗಾಳಿ ಒತ್ತಡ ಕೊಡೋ ಆ ಪಾತ್ರೆ ಇಲ್ದೆ ಆಗಲ್ವಾ?

ಒಂದಕ್ಕೆಪ್ಪತ್ತೆರಡು
ಪ್ರೆಶರ್ ಪಾಟ್ ತಗೊಳ್ಳಿ.

ಅಚ್ಚುಗಾರ
ಮೇಲಿನವರ ಮಾತು ಆಮೇಲೆ ನೋಡೋಣ. ಮೊದಲು ಗುಳ್ಳೆಯ ಜಾತಿ ಹೇಳಿ. ಒಂದೇ ಜಾಗದಲ್ಲಿ, ಪ್ರತಿ ಎರಕದಲ್ಲೂ, ಅರ್ಧ ಗೋಲದ ಹಾಗೆ ನುಣುಪಾದ ಗುಳಿ ಬಿದ್ದರೆ ಅದು ಸಿಕ್ಕಿಹಾಕಿಕೊಂಡ ಗಾಳಿ, ತಪ್ಪು ಅಚ್ಚಿನದು. ಸೂಜಿಮೊನೆಯಂಥ ಚುಕ್ಕಿಗಳು ಎಲ್ಲೆಂದರಲ್ಲಿ ಇದ್ದರೆ ಕಲಸುವಾಗ ಒಳಗೆ ಹೋದ ಗಾಳಿ. ರೆಸಿನ್ ಬ್ರೆಡ್ಡಿನ ಹಾಗೆ ಉಬ್ಬಿ ಮೇಲೆದ್ದರೆ ತೇವ. ಮೂರಕ್ಕೂ ಮದ್ದು ಬೇರೆ ಬೇರೆ.

ಇನ್ನೊಂದು: ಅಚ್ಚಿನೊಳಗೆ ಗಾಲಿ ಹೇಗೆ ಕೂತಿದೆ? ಬೋಲ್ಟ್ ಮುಖ ಮೇಲಕ್ಕೋ ಕೆಳಕ್ಕೋ?

ಪುಟ್ಟಗಾಲಿ
ಪ್ರತಿ ಸಲ ಅದದೇ ಜಾಗ. ಗಾಲಿ ಮಲಗಿದೆ, ಬೋಲ್ಟ್ ಮುಖ ಮೇಲಕ್ಕೆ. ನಡು ಹಬ್‌ನಿಂದ ಸುರಿಯೋ ತೂತು, ಗಾಳಿ ಹೋಗಕ್ಕೆ ಅಂಚಲ್ಲಿ ಒಂದು ತೂತು.

ಅಚ್ಚುಗಾರ
ಸಿಕ್ಕಿತಲ್ಲ. ಬೋಲ್ಟ್ ಮುಖ ಮೇಲಿದ್ದರೆ ಒಂದೊಂದು ಬೋಲ್ಟ್ ತಲೆಯೂ ಅಚ್ಚಿನಲ್ಲಿ ಬೋರಲು ಹಾಕಿದ ಪುಟ್ಟ ಬಟ್ಟಲು. ರೆಸಿನ್ ಕೆಳಗಿಂದ ಏರಿ ಬಂದು ಬಟ್ಟಲ ಬಾಯಿ ಮುಚ್ಚುತ್ತೆ, ಒಳಗಿನ ಗಾಳಿಗೆ ದಾರಿಯೇ ಇಲ್ಲ. ಟೈರಿನ ಮೇಲಂಚಿನ ಕತೆಯೂ ಅದೇ. ಇಷ್ಟಗಲದ ಸಪಾಟು ಚಾವಣಿಗೆ ಒಂದು ತೂತು ಏನೇನೂ ಸಾಲದು.

ಗಾಲಿಯನ್ನು ನಾಣ್ಯ ನಿಲ್ಲಿಸಿದ ಹಾಗೆ ನಿಲ್ಲಿಸಿ. ಸುರಿಯುವ ಕಾಲುವೆ ಒಂದು ಪಕ್ಕದಲ್ಲಿ ಕೆಳಗಿಳಿದು, ತಳದಲ್ಲಿ ತಿರುಗಿ, ಟೈರಿನ ಅತಿ ಕೆಳಗಿನ ಬಿಂದುವಿನಲ್ಲಿ ಒಳಹೋಗಲಿ. ಮೇಲಿನ ತುದಿಯಿಂದ ಗಾಳಿದಾರಿ ಎದ್ದು ಹೊರಬರಲಿ. ರೆಸಿನ್ ಕೆಳಗಿಂದ ಏರುತ್ತಾ ಗಾಳಿಯನ್ನು ಮುಂದೆ ತಳ್ಳಿಕೊಂಡು ಹೋಗುತ್ತೆ. ಕಾಲುವೆ 3 ಮಿ.ಮೀ., ಗಾಳಿದಾರಿ 1 ಮಿ.ಮೀ. ಸಾಕು. ಅಷ್ಟೇ ದಪ್ಪದ ಸ್ಟೈರೀನ್ ಕಡ್ಡಿಗಳನ್ನು ಮಾಸ್ಟರ್‌ಗೇ ಅಂಟಿಸಿ ಸಿಲಿಕೋನ್ ಹೊಯ್ಯಿರಿ, ಆಮೇಲೆ ಚಾಕು ಹಿಡಿದು ಕೆತ್ತುವ ಗೋಳು ತಪ್ಪುತ್ತೆ. ಎರಡೂ ಟೈರಿನ ಮೇಲ್ಮೈಯಲ್ಲೇ ಇರಲಿ, ಕತ್ತರಿಸಿದ ಗುರುತು ಟ್ರ್ಯಾಕಿನ ಕೆಳಗೆ ಮುಚ್ಚಿಹೋಗುತ್ತೆ.

ಸುರಿಯುವ ಬಾಯಿ ಗಾಲಿಯ ತುದಿಗಿಂತ 10–15 ಮಿ.ಮೀ. ಎತ್ತರ ಇರಲಿ. ಆ ತೂಕವೇ ರೆಸಿನ್ನನ್ನು ಮೂಲೆಗೆ ನೂಕೋದು.

ರೈಲುಹುಚ್ಚ
ಇಷ್ಟೆಲ್ಲ ಯಾಕೆ ಮಾರಾಯ್ರೆ? ಜೋಡಿ ಗಾಲಿ ಅಂದಮೇಲೆ ಒಂದರ ಬೆನ್ನು ಇನ್ನೊಂದರ ಕಡೆಗೇ ಇರುತ್ತೆ. ಹಿಂಭಾಗ ಸಪಾಟು ಮಾಡ್ಕೊಳ್ಳಿ, ಒಂದೇ ಭಾಗದ ತೆರೆದ ಅಚ್ಚು ಸಾಕು, ಬೋಲ್ಟ್ ಮುಖ ತಳದಲ್ಲಿ. ಮೊದಲು ಒಂದು ಹನಿ ರೆಸಿನ್ ಹಾಕಿ ಹಲ್ಲುಕಡ್ಡಿಯಿಂದ ಬೋಲ್ಟ್ ಗುಳಿಗಳಿಗೆಲ್ಲ ಚುಚ್ಚಿ ಚುಚ್ಚಿ ತುಂಬಿಸಿ, ಆಮೇಲೆ ಉಳಿದದ್ದು. ಅಂಚಿಗಿಂತ ಚೂರು ಉಬ್ಬುವಷ್ಟು ತುಂಬಿ, ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನ ಒಂದು ಕಡೆಯಿಂದ ಮಲಗಿಸ್ತಾ ಬನ್ನಿ. ಹೆಚ್ಚಿನ ರೆಸಿನ್ನೂ ಗಾಳಿಯೂ ಇನ್ನೊಂದು ಕಡೆ ಆಚೆ ಹೋಗುತ್ತೆ, ಹಿಂಭಾಗ ಗಾಜಿನ ಹಾಗೆ ಸಪಾಟು. ರೈಲು ಬೋಗಿಯ ಆಕ್ಸಲ್ ಬಾಕ್ಸು, 1:87ರ ಕಿಟಕಿ ಚೌಕಟ್ಟು ಎಲ್ಲಾ ಹೀಗೇ ತೆಗೆಯೋದು.

ಅಚ್ಚುಗಾರ
ಒಪ್ಪಿದೆ, ಆದರೆ ಹಾಳೆಯನ್ನು ಅದುಮುವ ಜೋರಿಗೆ ಸಿಲಿಕೋನ್ ಬಾಗಿ ಗಾಲಿಯ ದಪ್ಪ ಒಂದೊಂದಕ್ಕೂ ಬೇರೆ ಆಗುತ್ತೆ. 20 ಗಾಲಿ ಒಂದೇ ಸಾಲಲ್ಲಿ ನಿಲ್ಲುವಾಗ 0.3 ಮಿ.ಮೀ. ವ್ಯತ್ಯಾಸವೂ ಕಣ್ಣಿಗೆ ಹೊಡೆಯುತ್ತೆ. ಅಚ್ಚಿನ ತಳ 10 ಮಿ.ಮೀ. ದಪ್ಪ ಇರಲಿ, ಹಾಳೆಯ ಮೇಲೆ ಕೈ ಬದಲು ಗಾಜಿನ ತುಂಡು ಇಡಿ.

ಕೆಮಿಸ್ಟ್ರಿ ಮೇಷ್ಟ್ರು
ಅಂಟಂಟಿನ ವಿಷಯ ಯಾರೂ ಮುಟ್ಟಲಿಲ್ಲ. ಒಂದು ಗಾಲಿಗೆ ಹೆಚ್ಚೆಂದರೆ 2 ಮಿ.ಲೀ. ರೆಸಿನ್ ಬೇಕು. ಅಂದರೆ ಒಂದೊಂದು ಭಾಗ 1 ಗ್ರಾಂ ಆಸುಪಾಸು. ಅದನ್ನು 1 ಗ್ರಾಂ ಅಂಕಿ ತೋರಿಸುವ ಸ್ಕೇಲಿನಲ್ಲಿ ತೂಗಿದರೆ ಸೌದೆ ತಕ್ಕಡಿಯಲ್ಲಿ ಚಿನ್ನ ತೂಗಿದ ಹಾಗೆ. ಅರ್ಧ ಗ್ರಾಂ ತಪ್ಪು ಅಲ್ಲಿ ಶೇಕಡ 50ರ ತಪ್ಪು.

ಮೊದಲು ಡಬ್ಬಿಯ ಮೇಲಿನ 1:1 ಅಳತೆಯೋ ತೂಕವೋ ಓದಿ. ಅಳತೆಯಲ್ಲಿ 1:1 ಇರುವ ಎಷ್ಟೋ ರೆಸಿನ್ ತೂಕದಲ್ಲಿ 100:90 ಇರುತ್ತವೆ, ಎರಡು ದ್ರವದ ಸಾಂದ್ರತೆ ಬೇರೆ. ಅಳತೆಯದ್ದಾದರೆ ಎರಡು ಸಿರಿಂಜ್ ಇಡಿ, ಎ ಎಂದೂ ಬಿ ಎಂದೂ ಬರೆದು, ಎಂದೂ ಅದಲು ಬದಲು ಮಾಡದೆ. ತೂಕದ್ದಾದರೆ 0.01 ಗ್ರಾಂ ಸ್ಕೇಲ್. ಮತ್ತೆ, ಒಂದು ಸಲಕ್ಕೆ 15–20 ಗ್ರಾಂಗಿಂತ ಕಡಿಮೆ ಕಲಸಲೇಬೇಡಿ. ಐದಾರು ಅಚ್ಚು ಸಾಲಾಗಿ ತಯಾರಿಟ್ಟುಕೊಂಡು ಒಟ್ಟಿಗೇ ಹೊಯ್ಯಿರಿ.

ಆದರೆ ನಿಮ್ಮದು ಒಂದೇ ಮಗ್ಗುಲು ಅಂಟು ಅಂದಿರಿ. ಅನುಪಾತ ತಪ್ಪಿದ್ದರೆ ಇಡೀ ತುಂಡು ಮೆತ್ತಗೋ ಪೆಡಸೋ ಆಗಬೇಕಿತ್ತು. ಒಂದು ಕಡೆ ಮಾತ್ರ ಎಂದರೆ ಕಲಸದೆ ಉಳಿದ ಭಾಗ ಅಲ್ಲಿಗೆ ಹೋಗಿದೆ. ಕಪ್ಪಿನ ಗೋಡೆಗೆ ಮೆತ್ತಿಕೊಂಡದ್ದನ್ನು ಕೊನೆಯಲ್ಲಿ ಕೆರೆದು ಅಚ್ಚಿಗೆ ಹಾಕಿದಿರಿ ಅಲ್ಲವೇ?

ಪುಟ್ಟಗಾಲಿ
ಮೇಷ್ಟ್ರೇ, ಹೌದು. ವೇಸ್ಟ್ ಆಗಬಾರದು ಅಂತ.

ಕೆಮಿಸ್ಟ್ರಿ ಮೇಷ್ಟ್ರು
ಅದೇ ಗ್ರಹಚಾರ. 30 ಸೆಕೆಂಡ್ ಗೋಡೆ, ತಳ ಕೆರೆಯುತ್ತಾ ಕಲಸಿ, ಇನ್ನೊಂದು ಹೊಸ ಕಪ್ಪಿಗೆ ಸುರಿದು ಅಲ್ಲಿ ಮತ್ತೆ 15 ಸೆಕೆಂಡ್ ಕಲಸಿ. ಮೊದಲ ಕಪ್ಪನ್ನು ಕೆರೆಯಬೇಡಿ, ಪಕ್ಕಕ್ಕಿಡಿ. ಕಲಸಲು ಮರದ ಕಡ್ಡಿಯೂ ಕಾಗದದ ಕಪ್ಪೂ ಬೇಡ, ಎರಡರಲ್ಲೂ ತೇವ ಇರುತ್ತದೆ. ರೆಸಿನ್‌ನ ಒಂದು ಭಾಗದಲ್ಲಿರುವ ಐಸೊಸೈನೇಟ್‌ಗೆ ನೀರು ಸಿಕ್ಕಿದರೆ ಕಾರ್ಬನ್ ಡೈಆಕ್ಸೈಡ್ ಹುಟ್ಟುತ್ತದೆ, ನೊರೆ ಬರುವುದು ಅದರಿಂದಲೇ. ಪ್ಲಾಸ್ಟಿಕ್ ಕಪ್, ಲೋಹದ ಕಡ್ಡಿ ಬಳಸಿ.

ಗಾಳಿಯಲ್ಲಿ ತೇವ ಹೆಚ್ಚಿರುವ ದಿನ ಡಬ್ಬಿಯ ಮುಚ್ಚಳ ತೆಗೆದಿಟ್ಟು ಫೋನ್ ನೋಡುತ್ತಾ ಕೂರಬೇಡಿ. ಬೇಕಾದಷ್ಟು ತೆಗೆದು ತಕ್ಷಣ ಮುಚ್ಚಿ.

ಸುಮ್ನೆ ಓದೋಳು
ಅಚ್ಚಿಗೆ ಟಾಲ್ಕಂ ಪೌಡರ್ ಹಾಕ್ತಾರಲ್ಲ, ಅದು ನಿಜವಾಗ್ಲೂ ಕೆಲಸ ಮಾಡುತ್ತಾ ಅಥವಾ ಸುಮ್ನೆ ನಂಬಿಕೆನಾ?

ಗುಳ್ಳಿಗೊಂಡ
ನಂಬಿಕಿ ಅಲ್ರೀ, ಖರೇನ ಕೆಲಸ ಮಾಡತೈತಿ. ಸಿಲಿಕೋನ್ ಮ್ಯಾಲ ರೆಸಿನ್ ಹರಡಂಗಿಲ್ಲ, ಕೆಸುವಿನ ಎಲಿ ಮ್ಯಾಲಿನ ನೀರಿನಂಗ ಮುದ್ದಿ ಆಗಿ ನಿಂದರತೈತಿ. ಪೌಡರ್ ತೆಳ್ಳಗ ಸವರಿದ್ರ ಆ ಪುಡಿ ರೆಸಿನ್ನ ಸಣ್ಣ ಸಣ್ಣ ಮೂಲಿಗೆ ಎಳಕೊಂಡು ಹೋಗತೈತಿ. ಮೆತ್ತನ ಬ್ರಷ್‌ಲೆ ಹಚ್ಚಬೇಕು, ಆಮ್ಯಾಲ ಅಚ್ಚು ಬೋರಲ ಹಾಕಿ ಟಪಟಪ ಬಡೀಬೇಕು. ಬಿಳೇದು ಕಣ್ಣಿಗೆ ಕಾಣಬಾರದು, ಬರೀ ಮಾಸಲ ಕಂಡ್ರ ಸಾಕು. ಹೆಚ್ಚಾತಂದ್ರ ಗಾಲಿ ಮ್ಯಾಲ ಉಸುಕು ಉಗ್ಗಿದಂಗ ಆಗತೈತಿ.

ಒಂದಕ್ಕೆಪ್ಪತ್ತೆರಡು
ಪೌಡರ್, ಹಲ್ಲುಕಡ್ಡಿ, ಓರೆ ಕಾಲುವೆ... ಇಷ್ಟೆಲ್ಲ ಸರ್ಕಸ್ ಬದಲು ಪಾಟ್‌ನಲ್ಲಿ 40 ಪಿಎಸ್‌ಐ ಒತ್ತಡ ಕೊಟ್ಟರೆ ಗುಳ್ಳೆ ಕತೆ ಮುಗೀತು. ಯಾಕೆ ಎಲ್ಲರೂ ಸುತ್ತಿ ಬಳಸಿ ಮಾತಾಡ್ತಿದ್ದೀರೋ.

ಕೆಮಿಸ್ಟ್ರಿ ಮೇಷ್ಟ್ರು
ಲೆಕ್ಕ ಹಾಕೋಣ. ಗೇಜಿನಲ್ಲಿ 40 ಪಿಎಸ್‌ಐ ಎಂದರೆ ಹೊರಗಿನ ಒತ್ತಡವೂ ಸೇರಿ ಸುಮಾರು 3.7 ವಾತಾವರಣ. ಗುಳ್ಳೆಯ ಗಾತ್ರ 3.7ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ, ಅಂದರೆ ಶೇಕಡ 27. ಆದರೆ ಕಣ್ಣಿಗೆ ಕಾಣುವುದು ವ್ಯಾಸ. ಅದು ಘನಮೂಲದ ಲೆಕ್ಕ, ಶೇಕಡ 65ಕ್ಕೆ ಮಾತ್ರ ಇಳಿಯುತ್ತದೆ. 1 ಮಿ.ಮೀ. ಗುಳ್ಳೆ 0.65 ಆಯಿತು, ಮಾಯವಾಗಲಿಲ್ಲ. 60 ಪಿಎಸ್‌ಐ ಕೊಟ್ಟರೂ 0.58. ಒಂದಷ್ಟು ಗಾಳಿ ರೆಸಿನ್‌ನಲ್ಲಿ ಕರಗುವುದರಿಂದ ಸೂಜಿಮೊನೆ ಗುಳ್ಳೆಗಳು ನಿಜಕ್ಕೂ ಹೋಗುತ್ತವೆ, ಅದಕ್ಕೆ ಪಾಟ್ ಚೆನ್ನ. ಬೋಲ್ಟ್ ಗುಳಿಯಲ್ಲಿ ಪೂರ್ತಿ ತುಂಬಿಕೊಂಡ ಗಾಳಿಗೆ? ಬೋಲ್ಟ್ ತಲೆ ಮುಕ್ಕಾಲು ಬರುತ್ತದೆ, ಉಳಿದ ಕಾಲು ಬೋಳು.

ಒಂದಕ್ಕೆಪ್ಪತ್ತೆರಡು
ಸರಿ ಮೇಷ್ಟ್ರೇ, ಅಚ್ಚು ನೆಟ್ಟಗಿರಬೇಕು ಅನ್ನೋದು ಒಪ್ಪಿದೆ. ಆದ್ರೆ ಪಾರದರ್ಶಕ ರೆಸಿನ್‌ನಲ್ಲಿ ಹೆಡ್‌ಲೈಟ್, ಕಾಕ್‌ಪಿಟ್ ಗಾಜು ಹೊಯ್ಯೋರಿಗೆ ಪಾಟ್ ಇಲ್ದೆ ಗತಿಯಿಲ್ಲ. ಬಿಳಿ ರೆಸಿನ್ ಒಳಗಿನ ಗುಳ್ಳೆ ಮುಚ್ಚಿಡುತ್ತೆ, ಪಾರದರ್ಶಕದ್ದು ಹಿಡಿದು ತೋರಿಸುತ್ತೆ.

ಅಚ್ಚುಗಾರ
ಪಾಟ್ ಬಳಸೋರು ಮರೆಯುವ ಒಂದು ಸಂಗತಿ. ಸಿಲಿಕೋನ್ ಹೊಯ್ದಾಗ ಅದರೊಳಗೇ ಗುಳ್ಳೆ ಉಳಿದಿದ್ದರೆ, ಪ್ರೆಶರ್ ಕೊಟ್ಟಾಗ ಅವೂ ಕುಗ್ಗುತ್ತವೆ. ಅಚ್ಚಿನ ಗೋಡೆ ಅಲ್ಲಲ್ಲಿ ಒಳಗೆ ತಗ್ಗಿ, ಆ ತಗ್ಗಿಗೆ ರೆಸಿನ್ ತುಂಬಿ, ಗಾಲಿ ಮೇಲೆಲ್ಲ ನರುಳ್ಳೆ. ಹಾಗಾಗಿ ಅಚ್ಚನ್ನೂ ಅದೇ 40 ಪಿಎಸ್‌ಐನಲ್ಲಿ ಗಟ್ಟಿಯಾಗಲು ಬಿಡಬೇಕು, ಇಲ್ಲವೇ ಮೊದಲೇ ವ್ಯಾಕ್ಯೂಮ್‌ನಲ್ಲಿ ಗಾಳಿ ತೆಗೆದಿರಬೇಕು. ವ್ಯಾಕ್ಯೂಮ್ ಕೊಟ್ಟಾಗ ಸಿಲಿಕೋನ್ ನಾಲ್ಕೈದು ಪಟ್ಟು ಉಬ್ಬಿ ಕುಸಿಯುತ್ತೆ, ಪಾತ್ರೆ ಅಷ್ಟು ದೊಡ್ಡದಿರಲಿ. 3 ನಿಮಿಷದ ರೆಸಿನ್‌ಗೆ ಮಾತ್ರ ವ್ಯಾಕ್ಯೂಮ್ ಬೇಡ, ನೊರೆ ಕುಸಿಯೋ ಮೊದಲೇ ಕಲ್ಲಾಗುತ್ತೆ.

ಸುಮ್ನೆ ಓದೋಳು
ಮನೇಲಿರೋ ಪ್ರೆಶರ್ ಕುಕ್ಕರ್ ಆಗಲ್ವಾ? 😅

ರೈಲುಹುಚ್ಚ
ಐದು ವಿಷಲ್ ಆದ್ಮೇಲೆ ಗಾಲಿ ಬೆಂದಿರುತ್ತೆ.

ಒಂದಕ್ಕೆಪ್ಪತ್ತೆರಡು
ತಮಾಷೆಗೂ ಬೇಡ ಮೇಡಂ. ಕುಕ್ಕರಿನ ವೆಯ್ಟ್ ಏಳೋದೇ ಸುಮಾರು 15 ಪಿಎಸ್‌ಐಗೆ, ಅದರ ಮೇಲಕ್ಕೆ ಆ ಪಾತ್ರೆ ಮಾಡಿದ್ದಲ್ಲ. 24 ಸೆಂ.ಮೀ. ಅಗಲದ ಮುಚ್ಚಳಕ್ಕೆ 40 ಪಿಎಸ್‌ಐ ಕೊಟ್ಟರೆ 1,200 ಕಿಲೋ ಮೀರಿದ ಬಲ ಮೇಲಕ್ಕೆ ತಳ್ಳುತ್ತೆ. ಪಿವಿಸಿ ಪೈಪಿನಲ್ಲಿ ಪಾಟ್ ಕಟ್ಟೋದೂ ಅಷ್ಟೇ ಕೆಟ್ಟದ್ದು, ಒಡೆದರೆ ಚೂರು ಚೂರಾಗಿ ಸಿಡಿಯುತ್ತೆ. ಪೇಂಟ್ ಸ್ಪ್ರೇಗೆ ಅಂತ ಮಾಡಿದ ಪಾಟ್ ತಗೊಂಡು, ಅದರ ತಗಡಿನ ಮೇಲೆ ಬರೆದ ಮಿತಿಯೊಳಗೇ, ಸೇಫ್ಟಿ ವಾಲ್ವ್ ಇಟ್ಟುಕೊಂಡೇ ಮಾಡಿ. ರೆಸಿನ್ ಕಲಸಿ, ಸುರಿದು, ಮುಚ್ಚಳ ಬಿಗಿದು, ಒತ್ತಡ ಏರಿಸೋದು ಎಲ್ಲಾ ಪಾಟ್ ಲೈಫ್ ಒಳಗೇ ಮುಗೀಬೇಕು. 3 ನಿಮಿಷದ್ದು ಕಷ್ಟ, 6–7 ನಿಮಿಷದ ರೆಸಿನ್ ಆರಿಸಿ.

ಪುಟ್ಟಗಾಲಿ
ಪಾಟ್ ಸದ್ಯಕ್ಕೆ ಬೇಡ ಅನ್ಸುತ್ತೆ. ಹೊಸ ಅಚ್ಚು ಮಾಡೋದಾದ್ರೆ ಪ್ಲಾಟಿನಂ ಸಿಲಿಕೋನ್‌ಗೆ ಹೋಗ್ಲಾ? ಟಿನ್ ಕುಗ್ಗುತ್ತೆ ಅಂತಾರೆ.

ಅಚ್ಚುಗಾರ
20 ಬಿಲ್ಲೆಗೆ ಟಿನ್ ಧಾರಾಳ ಸಾಕು. ಕುಗ್ಗುತ್ತೆ ನಿಜ, ಶೇಕಡ ಅರ್ಧ ಅಂತಲೇ ಇಟ್ಟುಕೊಂಡರೂ 24 ಮಿ.ಮೀ.ಗೆ 0.12 ಮಿ.ಮೀ. ಯಾರೂ ಸ್ಕೇಲ್ ಹಿಡಿದು ನೋಡಲ್ಲ. ಅಚ್ಚನ್ನು ವರ್ಷಗಟ್ಟಲೆ ಕಾಪಿಡಬೇಕು ಅನ್ನೋರಿಗೆ ಪ್ಲಾಟಿನಂ. ಟಿನ್ ಅಚ್ಚು ಸುಮ್ಮನೆ ಡಬ್ಬಿಯಲ್ಲಿದ್ದರೂ ಕೆಲವೇ ವರ್ಷದಲ್ಲಿ ಪೆಡಸಾಗುತ್ತೆ.

ಒಂದೇ ಎಚ್ಚರ: ಎರಕದಿಂದ ಇನ್ನೊಂದು ಅಚ್ಚು, ಅದರಿಂದ ಇನ್ನೊಂದು ಎರಕ ಅಂತ ಹೋದರೆ ಕುಗ್ಗುವಿಕೆ ಕೂಡುತ್ತಾ ಹೋಗುತ್ತೆ. ಆಗ ಹಬ್‌ನ ತೂತಿಗೆ ಆಕ್ಸಲ್ ಹೋಗಲ್ಲ.

ಕೆಮಿಸ್ಟ್ರಿ ಮೇಷ್ಟ್ರು
ಪ್ಲಾಟಿನಂ ಮಹಾ ಮಡಿವಂತ. ಗಂಧಕ ಇರುವ ಕ್ಲೇ, ಲೇಟೆಕ್ಸ್ ಕೈಗವಸು, ಟಿನ್ ಸಿಲಿಕೋನ್ ಮುಟ್ಟಿದ ಕಪ್ಪು, ಅಮೀನ್ ಇರುವ ಎಪಾಕ್ಸಿ, ಯಾವುದು ತಾಗಿದರೂ ಮುಖಭಾಗ ಗಟ್ಟಿಯಾಗದೆ ಲೋಳೆಯಾಗಿ ಉಳಿಯುತ್ತದೆ. ಯುವಿ ರೆಸಿನ್‌ನಲ್ಲಿ 3ಡಿ ಪ್ರಿಂಟ್ ಮಾಡಿದ ಮಾಸ್ಟರ್ ಆದರಂತೂ ಖಂಡಿತ ಕಾಟ. ಚೆನ್ನಾಗಿ ತೊಳೆದು, ಯುವಿ ಕೊಟ್ಟು, ಬಿಸಿಯಲ್ಲಿಟ್ಟು, ಮೇಲೆ ಅಕ್ರಿಲಿಕ್ ಕ್ಲಿಯರ್ ಎರಡು ಕೋಟ್ ಹೊಡೆದರೂ ಮೊದಲು ಕಾಣದ ಜಾಗದಲ್ಲಿ ಒಂದು ಹನಿ ಸಿಲಿಕೋನ್ ಇಟ್ಟು ಪರೀಕ್ಷೆ ಮಾಡಿ. ಟಿನ್‌ಗೆ ಈ ಜಾತಿಭೇದ ಇಲ್ಲ.

ಮರಳುಕಾಗದ
ಮಾಸ್ಟರ್ ಎಲ್ಲಿಂದ ಬಂತು ಅಂತ ಯಾರೂ ಕೇಳಲಿಲ್ಲವಲ್ಲ. ಬೇರೆ ಕಂಪನಿಯ ಕಿಟ್ ಗಾಲಿ ನಕಲು ಮಾಡಿ ಮಾರೋ ಪ್ಲಾನ್ ಆದ್ರೆ ಇಲ್ಲಿ ಸಹಾಯ ಮಾಡಬಾರದು.

ಪುಟ್ಟಗಾಲಿ
ಸ್ಟೈರೀನ್ ಬಿಲ್ಲೆ ಡ್ರಿಲ್‌ಗೆ ಕಟ್ಟಿ ತಿರುಗಿಸಿ ಉಜ್ಜಿದ್ದು, ಬೋಲ್ಟ್ ತಲೆ ಪಂಚ್ ಮಾಡಿ ಅಂಟಿಸಿದ್ದು. ಮಾರಾಟ ಇಲ್ಲ.

ಮರಳುಕಾಗದ
ಹಾಗಾದ್ರೆ ಶಭಾಷ್. ಮಾಸ್ಟರ್‌ಗೆ ಪ್ರೈಮರ್ ಹೊಡೆದು ನೋಡಿ, ಉಜ್ಜಿದ ಗೀರು ಒಂದಿದ್ದರೂ ಇಪ್ಪತ್ತೂ ಗಾಲಿಗೆ ಬರುತ್ತೆ. ಸಿಲಿಕೋನ್ ಬೆರಳಚ್ಚನ್ನೂ ಬಿಡಲ್ಲ.

ರೈಲುಹುಚ್ಚ
ಕಿಟ್ ಕೊಂಡು ಮುರಿದ ಒಂದು ಭಾಗ ತನಗೇ ಅಂತ ಎರಕ ಹೊಯ್ದರೆ ಏನು ತಪ್ಪು? ಮಾರೋದು ಕಳ್ಳತನ, ಅದು ಬೇರೆ.

ಮರಳುಕಾಗದ
"ತನಗೇ" ಅಂತ ಶುರುವಾಗಿ ಗೆಳೆಯರಿಗೆ, ಆಮೇಲೆ ಗೆಳೆಯರ ಗೆಳೆಯರಿಗೆ. ಬೇರೆ ಚರ್ಚೆ ಶುರು ಮಾಡಿ, ಅಲ್ಲಿ ಜಗಳ ಆಡೋಣ.

ಗುಳ್ಳಿಗೊಂಡ
ಎರಡ ಭಾಗದ ಅಚ್ಚಿನಾಗ ಮೊದಲನೇ ಭಾಗ ಗಟ್ಟಿ ಆದಮ್ಯಾಲ ವ್ಯಾಸಲೀನ್ ತೆಳ್ಳಗ ಹಚ್ಚೂದು ಮರೀಬ್ಯಾಡ್ರಿ. ಸಿಲಿಕೋನ್‌ಗೆ ಹತ್ತೂದು ಸಿಲಿಕೋನ್ ಒಂದ. ಮರೆತ್ರ ಎರಡೂ ಕೂಡಿ ಒಂದ ಇಟ್ಟಂಗಿ. ಬ್ರಷ್ ಗೆರಿ ಉಳಿದ್ರ ಅದೂ ಅಚ್ಚ ಆಗತೈತಿ, ಬಟ್ಟಿಲೆ ಒರಸ್ರಿ.

ಸುಮ್ನೆ ಓದೋಳು
ವ್ಯಾಕ್ಯೂಮ್ ಇಲ್ದೆ ಸಿಲಿಕೋನ್ ಗುಳ್ಳೆ ಹೇಗೆ ತಪ್ಪಿಸೋದು?

ಅಚ್ಚುಗಾರ
ಮೊದಲ ಪದರ ಬ್ರಷ್‌ನಿಂದ ಮಾಸ್ಟರ್‌ಗೆ ಬಳಿಯಿರಿ, ಬೋಲ್ಟ್ ಸುತ್ತ ಚುಚ್ಚಿ ಚುಚ್ಚಿ. ಉಳಿದದ್ದನ್ನು ಒಂದಡಿ ಎತ್ತರದಿಂದ ದಾರದಷ್ಟು ತೆಳ್ಳಗೆ, ಪೆಟ್ಟಿಗೆಯ ಒಂದೇ ಮೂಲೆಗೆ ಸುರಿಯುತ್ತಾ ಇರಿ, ತಾನೇ ಹರಡಿ ಮಾಸ್ಟರ್ ಮೇಲೆ ಏರಲಿ. ದಾರ ತೆಳ್ಳಗಾಗುವಾಗ ಗುಳ್ಳೆಗಳು ಎಳೆದು ಒಡೆಯುತ್ತವೆ. ಮಾಸ್ಟರ್ ಮೇಲೆ ನೇರ ಸುರಿಯಬೇಡಿ. ಪೆಟ್ಟಿಗೆಗೆ ಲೆಗೊ ಇಟ್ಟಿಗೆ ಚೆನ್ನ, ಗೋಡೆ ಮಾಸ್ಟರ್‌ನಿಂದ 8–10 ಮಿ.ಮೀ. ದೂರ ಇರಲಿ.

ಮರಳುಕಾಗದ
ಜೆರ್ರಿಕ್ಯಾನ್ ಬಗ್ಗೆ: ಅಸಲಿಯೇ ಎರಡು ತಗಡಿನ ಚಿಪ್ಪು ನಡುವಲ್ಲಿ ಬೆಸೆದದ್ದು. ಅಚ್ಚಿನ ಸೇರುಗೆರೆ ಆ ಬೆಸುಗೆ ಮೇಲೇ ಬರೋ ಹಾಗೆ ಮಾಡಿ.

ಒಂದಕ್ಕೆಪ್ಪತ್ತೆರಡು
ಕೇಳೋಕೆ ಚೆಂದ, ಮಾಡಿ ನೋಡಿ. ಆ ಬೆಸುಗೆ ಒಳಗೆ ತಗ್ಗಿದ ತೋಡಿನೊಳಗಿದೆ. ಅಲ್ಲಿ ಬಂದ ರೆಸಿನ್ ಪೊರೆ ಕೆರೆಯೋಕೆ ಚಾಕು ಹೋಗಲ್ಲ, ಕೆರೆದರೆ ಬೆಸುಗೆಯೂ ಹೋಗುತ್ತೆ. ಒಂದೇ ಭಾಗದ ಅಚ್ಚು ಮಾಡಿ, ತಳದಿಂದ ಸುರಿಯಿರಿ, ಒಂದು ಮಗ್ಗುಲು ಸೀಳಿ ತೆಗೆಯಿರಿ.

ಅಚ್ಚುಗಾರ
ಯಾವ ಅಚ್ಚು ಮಾಡಿದರೂ ಮೂರು ಹಿಡಿಕೆಗಳನ್ನು ಬಿಟ್ಟೇ ಮಾಡಿ. ಹಿಡಿಕೆಗಳ ನಡುವಿನ ಸಿಲಿಕೋನ್ ಎಳೆ ಐದನೇ ಎರಕಕ್ಕೆ ಹರಿಯುತ್ತೆ. 0.5 ಮಿ.ಮೀ. ತಾಮ್ರದ ತಂತಿ ಬಗ್ಗಿಸಿ ಆಮೇಲೆ ಅಂಟಿಸೋದು ಲೇಸು. ಅಂಟಿಗೆ ಸೂಪರ್ ಗ್ಲೂ ಅಥವಾ ಎಪಾಕ್ಸಿ. ಪ್ಲಾಸ್ಟಿಕ್ ಸಿಮೆಂಟ್ ಸ್ಟೈರೀನನ್ನು ಕರಗಿಸಿ ಹಿಡಿಸುವಂಥದ್ದು, ರೆಸಿನ್‌ಗೆ ಹತ್ತಲ್ಲ.

ಸುಮ್ನೆ ಓದೋಳು
ಈ ಪಾಲಿಯುರೆಥೇನ್‌ಗೆ ವಾಸನೆಯೇ ಇಲ್ಲ, ಮಾಸ್ಕ್ ಬೇಡ ಅಂತ ಒಬ್ರು ಅಂದ್ರು.

ಕೆಮಿಸ್ಟ್ರಿ ಮೇಷ್ಟ್ರು
ವಾಸನೆ ಇಲ್ಲದ್ದೇ ಅಪಾಯ. ಐಸೊಸೈನೇಟ್ ಉಸಿರಾಟದ ಅಲರ್ಜಿ ತರಬಲ್ಲದು. ಒಮ್ಮೆ ಮೈಗೆ ಹತ್ತಿತೆಂದರೆ ಆಮೇಲೆ ಚೂರು ಸೋಕಿದರೂ ಉಬ್ಬಸ. ಕಿಟಕಿ ತೆರೆದು, ಗಾಳಿ ಹೊರಗೆ ತಳ್ಳುವ ಫ್ಯಾನ್ ಹಾಕಿ, ನೈಟ್ರೈಲ್ ಕೈಗವಸು ತೊಟ್ಟು, ಆರ್ಗಾನಿಕ್ ವೇಪರ್ ಕಾರ್ಟ್ರಿಜ್ ಇರುವ ಮಾಸ್ಕ್ ಹಾಕಿ. ಬಟ್ಟೆ ಮಾಸ್ಕ್ ಇದಕ್ಕೆ ಪ್ರಯೋಜನವಿಲ್ಲ. ಉಜ್ಜುವಾಗ 400ರ ನೀರುಕಾಗದದಲ್ಲಿ ಒದ್ದೆ ಮಾಡಿಯೇ ಉಜ್ಜಿ, ಧೂಳು ಏಳಬಾರದು.

ರೈಲುಹುಚ್ಚ
ಇನ್ನೊಂದು, ತೆಳು ಭಾಗ ಬೇಗ ಗಟ್ಟಿಯಾಗಲ್ಲ. ರೆಸಿನ್ ತನ್ನ ಬಿಸಿಯಿಂದಲೇ ಬೇಯೋದು, 1 ಮಿ.ಮೀ. ದಪ್ಪದಲ್ಲಿ ಆ ಬಿಸಿ ನಿಲ್ಲಲ್ಲ. ಡಬ್ಬಿ ಮೇಲೆ 10 ನಿಮಿಷ ಅಂತ ಇದ್ದರೂ ಅರ್ಧ ಗಂಟೆ ಬಿಡಿ. ಅಚ್ಚನ್ನ 40 ಡಿಗ್ರಿಗೆ ಬೆಚ್ಚಗೆ ಮಾಡಿಟ್ಟರೆ ಬೇಗ ಆಗುತ್ತೆ, ಪಾಟ್ ಲೈಫೂ ಕಡಿಮೆ ಆಗುತ್ತೆ ನೆನಪಿರಲಿ. ಆತುರಕ್ಕೆ ಕಿತ್ತು ಸೊಟ್ಟಗಾದದ್ದನ್ನ ಬಿಸಿನೀರಲ್ಲಿ ಅದ್ದಿ ನೆಟ್ಟಗೆ ಮಾಡಿ ತಣ್ಣೀರಿಗೆ ಹಾಕಿ.

ಪುಟ್ಟಗಾಲಿ
ನಿಲ್ಲಿಸಿದ ಅಚ್ಚು ಆಯ್ತು. ತಳದಿಂದ ಕಾಲುವೆ, ತುದಿಯಲ್ಲಿ 1 ಮಿ.ಮೀ. ಗಾಳಿದಾರಿ, ಟಾಲ್ಕ್ ಸವರಿದ್ದು, 20 ಗ್ರಾಂ ಕಲಸಿ ಎರಡು ಕಪ್ ಪದ್ಧತಿ. ಐದು ಗಾಲಿಯಲ್ಲಿ ನಾಲ್ಕು ಕ್ಲೀನ್, ಬೋಲ್ಟ್ ಎಲ್ಲಾ ಇದೆ. ಅಂಟು ಇಲ್ಲ. ಐದನೆಯದಕ್ಕೆ ಮೇಲ್ತುದಿಯಲ್ಲಿ, ಗಾಳಿದಾರಿಯ ಪಕ್ಕದಲ್ಲೇ ಒಂದು ಗುಳಿ.

ಅಚ್ಚುಗಾರ
ಆ ಅಚ್ಚಿನ ಗಾಳಿದಾರಿ ಗಾಲಿಯ ತೀರಾ ಎತ್ತರದ ಬಿಂದುವಿನಲ್ಲಿಲ್ಲ, ಒಂದೆರಡು ಮಿ.ಮೀ. ಆಚೆಗಿದೆ. ಹೊಸದು ಮಾಡಬೇಕಿಲ್ಲ, ಗುಳಿ ಬೀಳೋ ಜಾಗದಿಂದ ಚಾಕುವಿನ ತುದಿಯಲ್ಲಿ ಇನ್ನೊಂದು ಸೀಳು ಎಳೆಯಿರಿ. ಅಥವಾ ಸುರಿದ ಮೇಲೆ ಅಚ್ಚನ್ನು ಆ ಕಡೆ ಚೂರು ಓರೆ ಮಾಡಿ ಬೆರಳಲ್ಲಿ ತಟ್ಟಿ. ಈ ಒಂದು ಗಾಲಿಯ ಗುಳಿಗೆ ಸೂಪರ್ ಗ್ಲೂ ಜತೆ ಟಾಲ್ಕ್ ಕಲಸಿ ತುಂಬಿ, ಕಲ್ಲಾಗೋ ಮೊದಲು ಉಜ್ಜಿ.

ಒಂದಕ್ಕೆಪ್ಪತ್ತೆರಡು
ಪಾಟ್ ಇದ್ದಿದ್ರೆ ಐದಕ್ಕೆ ಐದು.

ಕೆಮಿಸ್ಟ್ರಿ ಮೇಷ್ಟ್ರು
ಐದನೆಯದಕ್ಕೆ 0.65ರ ಗುಳಿ.

ಮರಳುಕಾಗದ
ಬಣ್ಣಕ್ಕೆ ಮುಂಚೆ ಡಿಶ್ ಸೋಪ್ ಹಾಕಿ ಹಲ್ಲುಜ್ಜೋ ಬ್ರಷ್ಷಲ್ಲಿ ತಿಕ್ಕಿ ತೊಳೀರಿ. ವ್ಯಾಸಲೀನ್ ಉಳಿದಿದ್ರೆ ಮಾಸ್ಕಿಂಗ್ ಟೇಪ್ ಜತೆ ಪ್ರೈಮರ್ರೂ ಎದ್ದು ಬರುತ್ತೆ.